ಅಕ್ಕನ ಅಂಗೈಯೂ ಕೈ ತೊಳೆಯುವ ಬಾಟಲಿಯೂ

೨೦೨೩ನೆಯ ಇಸವಿ, ನನಗೆ ಆಗ ಐವತ್ತೊಂದು ವರ್ಷ. ಅದರ ಹಿಂದಿನ ವರ್ಷವೇ ನಾನು ಅಕ್ಕಲಕೋಟ ತಾಲೂಕಿನ ಕನ್ನಡ ಮಾಧ್ಯಮದ ಪ್ರೌಢಶಾಲೆಯ ಕೆಲಸವನ್ನು ಬಿಟ್ಟು ಸೊಲ್ಲಾಪುರದ ಮನೆಯಲ್ಲಿ ನೆಲೆ ನಿಂತಿದ್ದೆ. ತರಗತಿಗಳಲ್ಲಿ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿದ್ದರು; ಉಳಿದವರೂ ಮನೆಯಲ್ಲಿ ಕನ್ನಡವನ್ನಾಡಿ, ಬೀದಿಯ ಹಲಗೆಗಳನ್ನು ಮರಾಠಿಯಲ್ಲಿ ಓದುವವರು. ಅವರ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದುವುದರಲ್ಲಿಯೇ ನನ್ನ ಆಯುಷ್ಯದ ಉತ್ತಮ ಭಾಗ ಕಳೆದಿತ್ತು. ಕ್ರಮ ತಪ್ಪಿದ ಬರಹವನ್ನು ಕಂಡರೆ ನನಗೆ ಈಗಲೂ ಊಟ ಸೇರುವುದಿಲ್ಲ. ಆದ್ದರಿಂದ ಈ ಸಂಗತಿಯನ್ನೂ ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ಸಂಗತಿ ನನ್ನ ಅಕ್ಕನ ಕೈಗಳದ್ದು.

ನಮ್ಮದು ನಾಗಣಸೂರ ಕಡೆಯ ಕುರಿ ಸಾಕುವ ಮನೆತನ. ಅವ್ವ ಬೇಗ ತೀರಿಕೊಂಡದ್ದರಿಂದ ನನ್ನನ್ನು ಬೆಳೆಸಿದವಳು ಅಕ್ಕ. ನಾನು ಸೊಲ್ಲಾಪುರದಲ್ಲಿ ಓದುತ್ತಿದ್ದಾಗ ಅವಳು ಬಡಿದ ಜೋಳದ ಕಡಕ್ ರೊಟ್ಟಿಗಳು, ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ ಶೇಂಗಾ ಚಟ್ನಿಯ ಸಮೇತ, ಪರಿಚಯದವರ ಕೈಯಲ್ಲಿ ಬಸ್ಸಿನಲ್ಲಿ ನನ್ನ ಕೋಣೆಗೆ ಬರುತ್ತಿದ್ದವು. ಗಂಟನ್ನು ಬಿಚ್ಚಿದರೆ ಕೆಲವು ರೊಟ್ಟಿಗಳ ಮೇಲೆ ಅವಳ ಬೆರಳಿನ ಅಚ್ಚು ಕಾಣುತ್ತಿತ್ತು. ನಾನು ಪಡೆದ ಪದವಿಯ ಕಾಗದದ ಮೇಲೆ ವಿಶ್ವವಿದ್ಯಾಲಯದ ಮುದ್ರೆ ಇದೆ; ಆದರೆ ಅದಕ್ಕೂ ಮೊದಲಿನ ಮುದ್ರೆ ಆ ಬೆರಳುಗಳದ್ದು ಎಂಬುದನ್ನು ನಾನು ಎಂದಿಗೂ ಮರೆತವನಲ್ಲ.

ಭಾವ ತೀರಿಹೋದ ಮೇಲೆ ಅಕ್ಕ ಮಗ ಸೊಸೆಯರೊಂದಿಗೆ ಅಕ್ಕಲಕೋಟಕ್ಕೆ ಬಂದು, ಓಣಿಯ ನಾಲ್ಕಾರು ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿಯ ಉದ್ಯೋಗವನ್ನು ಆರಂಭಿಸಿದ್ದಳು. ಸೊಲ್ಲಾಪುರದ ಖಾನಾವಳಿಯೊಂದಕ್ಕೆ ಅವರ ರೊಟ್ಟಿ ನಿತ್ಯ ಹೋಗುತ್ತಿತ್ತು. ಆ ಖಾನಾವಳಿಯ ಯಜಮಾನಿ ಸ್ವಚ್ಛತೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕೋವಿಡ್ ಕಾಲದ ನಂತರ, ರೊಟ್ಟಿ ಬಡಿಯುವವರೆಲ್ಲರೂ ಹಿಟ್ಟಿಗೆ ಕೈ ಹಾಕುವ ಮೊದಲು ಬಾಟಲಿಯ ಹ್ಯಾಂಡ್‌ವಾಶ್‌ನಿಂದಲೇ ಕೈ ತೊಳೆಯಬೇಕೆಂದು ಅವರು ನಿಯಮ ಮಾಡಿದ್ದರು. ನಿಯಮ ತಪ್ಪಲ್ಲ, ಅನ್ನ ಕೊಡುವ ಕೈ ಶುದ್ಧವಾಗಿಯೇ ಇರಬೇಕು. ಒಂದು ದೊಡ್ಡ ಪೆಟ್ಟಿಗೆಯ ತುಂಬ ಗುಲಾಬಿ ಬಣ್ಣದ, ಗುಲಾಬಿಯದೇ ವಾಸನೆಯ ದ್ರವದ ಬಾಟಲಿಗಳನ್ನೂ ಅವರು ಕಳುಹಿಸಿದ್ದರು.

೨೦೨೩ರ ಮಳೆಗಾಲದ ಹೊತ್ತಿಗೆ ಅಕ್ಕನ ಬೆರಳುಗಳ ಸಂದಿಯಲ್ಲಿ ತುರಿಕೆ ಹುಟ್ಟಿತು. ಮೊದಲು ಸಣ್ಣ ಗುಳ್ಳೆ, ಆಮೇಲೆ ಒಣ ಹೊಪ್ಪಳಿಕೆ, ಆಮೇಲೆ ಸೀಳು. ಜೋಳದ ಹಿಟ್ಟನ್ನು ಕುದಿನೀರಿನಲ್ಲಿ ಕಲಸಿ, ಬಿಸಿಯಾಗಿರುವಾಗಲೇ ನಾದಬೇಕು. ಸೀಳಿದ ಅಂಗೈಗೆ ಅದು ಎಂತಹ ಶಿಕ್ಷೆ ಎಂಬುದನ್ನು ಅವಳು ಹೇಳುತ್ತಿರಲಿಲ್ಲ. ಹಲ್ಲು ಕಚ್ಚುವುದು ಮಾತ್ರ ಕಾಣುತ್ತಿತ್ತು.

ನಮ್ಮ ಮನೆತನಗಳಲ್ಲಿ ಗಾಯಕ್ಕೆ ಮೊದಲ ಮದ್ದು ಭಂಡಾರ. ನಮ್ಮ ಕುಲದೇವರು ಬೀರೋಬನ ಮುಂದಿನ ಅರಿಷಿಣದ ಪುಡಿಯೇ ಭಂಡಾರ. ಕುರಿಯ ಕಾಲು ಕೊಯ್ದರೂ ಅದೇ, ಮಗುವಿನ ಮಂಡಿ ತರಚಿದರೂ ಅದೇ. ಹುಲಜಂತಿಯ ಜಾತ್ರೆಯಿಂದ ಬಂಧುವೊಬ್ಬರು ತಂದುಕೊಟ್ಟ ಭಂಡಾರದ ಬಟ್ಟಲು ಅಕ್ಕನ ದೇವರ ಜಗಲಿಯ ಮೇಲಿತ್ತು. ಅವಳು ಸಂಜೆ ಕೈಗಳಿಗೆ ಕೊಬ್ಬರಿ ಎಣ್ಣೆ ಸವರಿ, ಮೇಲೆ ಭಂಡಾರವನ್ನು ಹಚ್ಚಿಕೊಂಡು ಮಲಗತೊಡಗಿದಳು. ಬೆಳಿಗ್ಗೆ ಬಚ್ಚಲಿನಲ್ಲಿ ಬಟ್ಟೆಯ ಸಾಬೂನಿನಿಂದ ಎಣ್ಣೆಯನ್ನು ತೆಗೆಯಹೋದ ಮೊದಲ ದಿನವೇ ಮನೆಯಲ್ಲಿ ಕೂಗಾಟವಾಯಿತು. ಹಳದಿ ಹೋಗಿ ಕೈಗಳೆಲ್ಲ ಕೆಂಪಾಗಿದ್ದವು. ನೊರೆ ಕೆಂಪು, ತಂಬಿಗೆಯ ಅಂಚು ಕೆಂಪು.

ಸೊಸೆ ನನಗೆ ಫೋನು ಮಾಡಿದಳು. ಅವಳ ಮಾತಿನಲ್ಲಿ ಕನ್ನಡ ಮರಾಠಿಗಳು ಒಂದೇ ಎತ್ತಿನ ಎರಡು ಕೊಂಬುಗಳಿದ್ದಂತೆ.

"ಮಾಮಾ, ಅತ್ತಿ ಕೈ ಬಘಾಯಲಾ ಪಾಹಿಜೆ, ನೋಡಬೇಕ್ರಿ ನೀವು! ಸಾಬಣ ಹಚ್ಚಿದ ಕೂಡ್ಲೆ ರಕ್ತ ಬಂದಂಗ ಲಾಲ್ ಆಗಾಕತ್ತಾವ. ಬಾಟಲೀದ ಹಚ್ಚಿದ್ರ ಕಾಹೀಚ್ ಇಲ್ಲ, ಅರಿಷಿಣ ಅರಿಷಿಣದಾಂಗ ಐತಿ."

ಮರುದಿನ ನಾನು ಅಕ್ಕಲಕೋಟಕ್ಕೆ ಹೋದೆ. ನನ್ನ ಕಣ್ಣೆದುರಿಗೇ ಅಕ್ಕ ಒಂದು ಕೈಗೆ ಬಟ್ಟೆಯ ಸಾಬೂನನ್ನೂ ಇನ್ನೊಂದಕ್ಕೆ ಬಾಟಲಿಯ ದ್ರವವನ್ನೂ ಹಚ್ಚಿ ತೋರಿಸಿದಳು. ಒಂದು ಕೆಂಪಾಯಿತು, ಇನ್ನೊಂದು ಹಳದಿಯಾಗಿಯೇ ಉಳಿಯಿತು.

"ನೋಡಿದಿ ಏನ ಮಾಸ್ತರ?" ಎಂದಳು ಅಕ್ಕ. ನಾನು ಕೆಲಸಕ್ಕೆ ಸೇರಿದ ದಿನದಿಂದಲೂ ಅವಳು ನನ್ನನ್ನು ಕರೆಯುವುದು ಹಾಗೆಯೇ, ಅರ್ಧ ಹೆಮ್ಮೆಯಿಂದ, ಅರ್ಧ ಚೇಷ್ಟೆಯಿಂದ. "ದೇವರೇ ತೋರಿಸಿಕೊಟ್ಟಾನ. ಈ ವಡಿ ಸಾಬಣದಾಗ ವಿಷ ಐತಿ. ಬಾಟಲೀದನ್ನ ಭಂಡಾರ ಒಪ್ಪಿಕೊಂಡೈತಿ."

ಕಾರಣವೂ ಕಾರ್ಯವೂ ಕಣ್ಣೆದುರಿಗೆ ಇರುವಾಗ ನಾನಾದರೂ ಏನನ್ನು ತಿದ್ದಲಿ? ತೀರ್ಪು ಸರ್ವಾನುಮತದ್ದಾಯಿತು. ಅಂದೇ ಆ ಮನೆಯಿಂದ ಸಾಬೂನಿನ ವಡಿಗಳೆಲ್ಲ ಹೊರಬಿದ್ದವು. ಸ್ನಾನಕ್ಕೂ ಬಾಟಲಿ, ಪಾತ್ರೆಗೂ ಬಾಟಲಿ, ರೊಟ್ಟಿಗೆ ಕೂಡುವ ಮೊದಲಂತೂ ಬಾಟಲಿ. ಭಂಡಾರದ ಹಳದಿಯ ಕೆಳಗೆ ಚರ್ಮದ ನಿಜವಾದ ಬಣ್ಣ ಯಾರಿಗೂ ಕಾಣುತ್ತಿರಲಿಲ್ಲವಾದ್ದರಿಂದ, ಕೆಲವು ದಿನಗಳವರೆಗೆ ಎಲ್ಲರೂ ಗುಣವಾಗುತ್ತಿದೆಯೆಂದೇ ನಂಬಿದರು.

ಗುಣವಾಗಲಿಲ್ಲ. ದಸರೆಯ ಹೊತ್ತಿಗೆ ಸೀಳುಗಳು ಮಣಿಕಟ್ಟಿನವರೆಗೆ ಬಂದವು. ಬೆರಳು ಮಡಿಚಲು ಆಗುತ್ತಿರಲಿಲ್ಲ. ಒಂದು ದಿನ ಖಾನಾವಳಿಯ ಯಜಮಾನಿಯೇ ಅಕ್ಕಲಕೋಟದ ದೇವಸ್ಥಾನಕ್ಕೆ ಬಂದವರು ಅಕ್ಕನ ಮನೆಗೂ ಬಂದರು. ರೊಟ್ಟಿ ಬಡಿಯುವ ಪರಾತದ ಮೇಲೆ ಆಡುತ್ತಿದ್ದ ಆ ಕೈಗಳನ್ನು ನೋಡಿದರು. ಸೌಜನ್ಯವಂತರು; ಎದ್ದು ಹೋಗುವಾಗ ಮಾತ್ರ ಹೇಳಿದರು.

"ಅಕ್ಕಾರ, ಜರಾ ದಿನಾ ಆರಾಮ ತಗೋರಿ. ಬಾಕಿಯವರು ಬಡೀಲಿ. ಗಿರಾಕಿ ನೋಡಿದ್ರ ಚಲೋ ಕಾಣೂದಿಲ್ಲ ನೋಡ್ರಿ."

ಅಂದಿನಿಂದ ಅಕ್ಕ ಒಲೆಯ ಮುಂದಿನಿಂದ ಎದ್ದು ಬಾಗಿಲ ಬಳಿ ಕುಳಿತಳು. ಜೋಳ ಹಸನು ಮಾಡುವುದಕ್ಕೂ ಸೊಸೆ ಬಿಡುತ್ತಿರಲಿಲ್ಲ. ಒಳಗೆ ಬೇರೆಯವರ ಅಂಗೈಗಳು ಪರಾತದ ಮೇಲೆ ಬೀಳುವ ಸದ್ದು ಕೇಳುತ್ತಿತ್ತು. ಅವಳು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದಳು. ನಾನು ಹೋದಾಗ ಒಂದೇ ಮಾತು ಹೇಳಿದಳು.

"ಮಾಸ್ತರ, ಊಟಕ್ಕ ಮಗ ಹಾಕ್ತಾನ, ಅದರ ಚಿಂತಿ ಇಲ್ಲ. ಖರೆ, ರೊಟ್ಟಿ ಬಡೀಲಾರದ ಕೈ ಇಟಗೊಂಡು ನಾ ಏನ ಮಾಡ್ಲಿ? ಹುಟ್ಟಿದಾಗಿಂದ ನನಗ ಬರೂದು ಅದೊಂದ."

ಆ ಮಾತನ್ನು ಕೇಳಿದ ಮೇಲೆ ನಾನು ತಡಮಾಡಲಿಲ್ಲ. ಸೊಲ್ಲಾಪುರದ ಚರ್ಮವೈದ್ಯೆಯೊಬ್ಬರನ್ನು ವಿಚಾರಿಸಿ ಸಮಯ ಪಡೆದೆ. ಹೋಟಗಿ ಕಡೆಯ ಹೆಣ್ಣುಮಗಳು. ಅಕ್ಕನ ಮಾತು ಅವರಿಗೆ ತವರಿನ ಮಾತು. ಫೋನಿನಲ್ಲಿಯೇ ಅವರು ಒಂದು ಅಪ್ಪಣೆ ಕೊಟ್ಟಿದ್ದರು: ಕೈಗೆ ಹತ್ತುವುದನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬರಬೇಕು. ಅಂತೆಯೇ ಹಿಟ್ಟು, ಕೊಬ್ಬರಿ ಎಣ್ಣೆ, ಬಾಟಲಿ, ಭಂಡಾರದ ಪೊಟ್ಟಣ ಎಲ್ಲವನ್ನೂ ಒಯ್ದೆವು. ಅಪರಾಧಿಯೆಂದು ಹೊರಹಾಕಿದ್ದ ಸಾಬೂನಿನ ಒಂದು ವಡಿಯನ್ನೂ, ಕಾಗದದಲ್ಲಿ ಸುತ್ತಿ, ಸಾಕ್ಷ್ಯವೆಂದು ಒಯ್ದೆವು.

ವೈದ್ಯೆ ಅಕ್ಕನ ಕೈಗಳನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ಕೆಂಪು ಹಳದಿಗಳ ವೃತ್ತಾಂತವನ್ನು ಆದ್ಯಂತವಾಗಿ, ಒಂದು ವಾಕ್ಯವೂ ಅಪೂರ್ಣವಾಗದಂತೆ ನಿವೇದಿಸಿದೆ. ಅವರು ನಗಲಿಲ್ಲ, ನಗುವನ್ನು ತಡೆದುಕೊಂಡರು ಎಂಬುದು ಮಾತ್ರ ಸ್ಪಷ್ಟವಾಗಿತ್ತು.

"ಸರ್, ನೀವು ಮಾಸ್ತರ ಅಂದ್ರಲ್ಲ, ಯಾವ ವಿಷಯ?"

"ಕನ್ನಡ."

"ಅದಕ್ಕ! ಬಾಜೂ ಕ್ಲಾಸಿನಾಗ ವಿಜ್ಞಾನದವರು ಅರಿಷಿಣದ ಕಾಗದ ಮಾಡಿಸ್ತಿದ್ರು, ನೀವು ನೋಡಿಲ್ಲ. ಅರಿಷಿಣಕ್ಕ ಕ್ಷಾರ ತಾಗಿದ್ರ ಕೆಂಪ ಆಗತೈತಿ. ವಡಿ ಸಾಬಣ ಕ್ಷಾರ. ಈ ಬಾಟಲೀದು ಕ್ಷಾರ ಅಲ್ಲ, ಅದಕ್ಕ ಹಳದಿ ಹಳದೀನ ಉಳೀತು. ಬಣ್ಣ ಬದಲಾಗಿದ್ದು ಅರಿಷಿಣದ್ದು, ಅಕ್ಕಾರ ಚರ್ಮದ್ದಲ್ಲ. ಮನಿಗಿ ಹೋಗಿ ಆ ಕೆಂಪಿನ ಮ್ಯಾಲೆ ಲಿಂಬಿ ಹಿಂಡ್ರಿ, ಮತ್ತ ಹಳದಿ ಆಗತೈತಿ."

ಅಕ್ಕ ನನ್ನ ಕಡೆಗೆ ತಿರುಗಿದಳು. "ಹಂಗಾರ ಇಷ್ಟು ದಿನ ನಾವು ಪಂಚಾಯ್ತಿ ಮಾಡಿದ್ದು ಅರಿಷಿಣದ್ದಾ?"

"ಹೌದ್ರಿ ಅಕ್ಕಾರ. ಹಂಗಂತ ವಡಿ ಸಾಬಣ ಸಾಧು ಅಂತ ನಾ ಅನ್ನೂದಿಲ್ಲ. ಬಟ್ಟಿ ಸಾಬಣ ಕೈ ಒಣಗಸ್ತೈತಿ. ಖರೆ ನಿಮ್ಮ ಕೈ ಇಷ್ಟು ಕೆಟ್ಟಿದ್ದಕ್ಕ ನನಗ ಸಂಶಯ ಇದರ ಮ್ಯಾಲ." ಅವರು ಗುಲಾಬಿ ಬಾಟಲಿಯನ್ನು ಬೆರಳಿನಿಂದ ತಟ್ಟಿದರು.

"ನಮ್ಮ ಮನ್ಯಾಗ ರೊಟ್ಟಿ ಬಡಿಯೋರೆಲ್ಲಾ ಇದ್ರಾಗ ಕೈ ತೊಳೀತಾರಲ್ಲ ತಂಗಿ! ನನಗೊಬ್ಬಾಕಿಗೇ ಯಾಕ?"

"ಎಲ್ಲಾರೂ ಶೇಂಗಾ ತಿಂತಾರ, ಒಬ್ಬರಿಗೇ ಮೈಮ್ಯಾಲ ದದ್ದ ಏಳತಾವ. ಹಂಗ ಇದೂ."

ಆಮೇಲೆ ಅವರು ಬಾಟಲಿಯ ಹಿಂಬದಿಯ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ನನಗೆ ಪಾಠ ಹೇಳಿದರು. ಅಂತಹ ಅಚ್ಚುಕಟ್ಟಾದ ಪಾಠವನ್ನು ನಾನು ಕೇಳಿ ಬಹಳ ಕಾಲವಾಗಿತ್ತು. ಕೈ ತೊಳೆಯುವ ದ್ರವದಲ್ಲಿ ಬಹುಪಾಲು ನೀರು. ನೊರೆ ಬರಿಸುವ ಪದಾರ್ಥಗಳು ಜಿಡ್ಡನ್ನು ತೆಗೆಯುತ್ತವೆ; ಚರ್ಮದ ಸ್ವಂತ ಎಣ್ಣೆಯನ್ನೂ ಸ್ವಲ್ಪ ಒಯ್ಯುತ್ತವೆ. ಆದಕಾರಣ ದಿನವಿಡೀ ತೊಳೆಯುವ ಕೈ ಒಣಗಿ, ಅದರ ಬೇಲಿ ಸಡಿಲಾಗುತ್ತದೆ. ಸುಗಂಧ ಕೆಲವರಿಗೆ ಆಗಿಬರುವುದಿಲ್ಲ. ಇನ್ನು, ನೀರಿರುವಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತದೆಯಾದ್ದರಿಂದ ಬಾಟಲಿ ಕೆಡದಂತೆ ಕಾಯುವ ಸಂರಕ್ಷಕವೊಂದನ್ನು ಹಾಕಲೇಬೇಕು. ಅದು ಇಲ್ಲದ ಬಾಟಲಿ ಇನ್ನೂ ಅಪಾಯ. ಆದರೆ ಕೆಲವು ಸಂರಕ್ಷಕಗಳನ್ನು ಕೆಲವರ ಚರ್ಮ ಒಮ್ಮೆ ಶತ್ರುವೆಂದು ಗುರುತಿಸಿಬಿಟ್ಟರೆ, ಆಮೇಲೆ ಹನಿ ತಾಗಿದರೂ ಯುದ್ಧಕ್ಕೆ ನಿಲ್ಲುತ್ತದೆ.

ಅಕ್ಕ ಇದನ್ನೆಲ್ಲ ಕೇಳಿ, ತನ್ನ ಭಾಷೆಗೆ ಇಳಿಸಿಕೊಂಡಳು. "ಅಂದ್ರ, ಕುರಿ ಕಾಯಾಕ ಇಟ್ಟ ನಾಯಿ ಮನಿ ಮಂದೀನ್ನ ಕಡದಂಗ."

"ಬರೋಬ್ಬರಿ!" ಎಂದರು ವೈದ್ಯೆ. "ನಾಯಿ ಕೆಟ್ಟದ್ದಲ್ಲ, ನಿಮಗ ಹೊಂದೂದಿಲ್ಲ. ಖರೆ ಯಾವ ನಾಯಿ ಅಂತ ಹಿಡೀಬೇಕಲ್ಲ? ಅದಕ್ಕ ಪ್ಯಾಚ್ ಟೆಸ್ಟ್ ಮಾಡೂಣು."

ಬೆನ್ನಿನ ಮೇಲೆ ಸಣ್ಣ ಸಣ್ಣ ಬಟ್ಟಲುಗಳಂತಹ ಪಟ್ಟಿಗಳನ್ನು ಅಂಟಿಸಿ, ಒಂದೊಂದರಲ್ಲಿ ಒಂದೊಂದು ಸಂಶಯಾಸ್ಪದ ಪದಾರ್ಥವನ್ನಿಟ್ಟು, ಎರಡು ದಿನದ ನಂತರ ತೆಗೆದು ನೋಡಿ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುವುದು ಆ ಪರೀಕ್ಷೆ. ಅಲ್ಲಿಯವರೆಗೆ ಬೆನ್ನಿಗೆ ನೀರು ತಾಗಬಾರದು, ಬೆವರೂ ಬರಬಾರದು. ಅಕ್ಕ ಅಷ್ಟು ದಿನ ನನ್ನ ಮನೆಯಲ್ಲಿಯೇ ಉಳಿಯಬೇಕಾಯಿತು. ಮೀಯದೆ ದೇವರ ಮುಂದೆ ನಿಲ್ಲುವುದು ಹೇಗೆ ಎಂದು ಅವಳು ಗೊಣಗಿದಳು. ದೇವರು ಕುರಿ ಕಾದವನು, ಅವನೇನು ದಿನಾ ಮೀಯುತ್ತಿದ್ದನೇ ಎಂದು ನಾನು ಕೇಳಿದ ಮೇಲೆ ನಕ್ಕು, ಕುಳಿತಲ್ಲಿಂದಲೇ ಕೈ ಮುಗಿದಳು.

ನನ್ನ ಹೆಂಡತಿ ಮರಾಠಿ ಶಾಲೆಯ ಶಿಕ್ಷಕಿ, ಬೆಳಿಗ್ಗೆಯೇ ಹೋಗುವವಳು. ಹೀಗಾಗಿ ಹಗಲಿನಲ್ಲಿ ಅಕ್ಕನಿಗೆ ಊಟ ಮಾಡಿಸುವ ಭಾಗ್ಯ ನನ್ನದಾಯಿತು. ಭಾಗ್ಯ ಎಂಬ ಪದವನ್ನು ನಾನು ಅಳೆದೇ ಬಳಸಿದ್ದೇನೆ. ಅವಳ ಕೈಗಳಿಗೆ ಮುಲಾಮು ಸವರಿ ಹತ್ತಿಯ ಕೈಗವಸು ತೊಡಿಸಿದ್ದೆವು. ನಾನು ರೊಟ್ಟಿಯನ್ನು ಮುರಿದು ಪಲ್ಯದಲ್ಲಿ ಅದ್ದಿ ಅವಳ ಬಾಯಿಗಿಟ್ಟೆ. ಬಾಲ್ಯದಲ್ಲಿ ನನಗೆ ಜ್ವರ ಬಂದಾಗ ಅವಳು ಹೀಗೆಯೇ ಇಡುತ್ತಿದ್ದಳು. ಒಂದು ದಿನ ಧೈರ್ಯ ಮಾಡಿ ರೊಟ್ಟಿಯನ್ನೂ ನಾನೇ ಬಡಿದೆ. ಹಂಚಿಗೆ ಹಾಕುವ ಮೊದಲೇ ಅದು ಅಂಚಿನಲ್ಲಿ ಸೀಳಿತು.

"ನೀರು ಆರಿಸಿಬಿಟ್ಟಿ. ಕುದಿಯೋ ನೀರು ಹಾಕಂದ್ರ ನಿನಗ ಕೈ ಸುಡತಾವು" ಎಂದು ಅಕ್ಕ ಕುರ್ಚಿಯಿಂದಲೇ ತಪಾಸಣೆ ಮಾಡಿದಳು. "ಎಷ್ಟ ಪೋರರ್ನ ನಾಪಾಸ ಮಾಡೀದಿ ನೀ? ಇವತ್ತ ನೀನೂ ನಾಪಾಸ."

"ಒಂದೆರಡು ಗ್ರೇಸ್ ಅಂಕ ಕೊಡು."

"ನೀ ಯಾರಿಗಾರ ಕೊಟ್ಟಿದ್ದಿ?"

ಕೊಟ್ಟಿರಲಿಲ್ಲ. ಎರಡನೆಯ ರೊಟ್ಟಿಗೆ ಹಿಟ್ಟು ಹಿಡಿದೆ. ಅಂದೇ ಮಧ್ಯಾಹ್ನ ವೈದ್ಯೆ ಹೇಳಿದಂತೆ ತಟ್ಟೆಯಲ್ಲಿ ಭಂಡಾರ ಕಲಸಿ, ಸಾಬೂನಿನ ನೀರು ಹಾಕಿ ಕೆಂಪು ಮಾಡಿ, ಅದರ ಮೇಲೆ ಲಿಂಬೆ ಹಿಂಡಿದೆ. ಕೆಂಪು ಕರಗಿ ಹಳದಿ ಮರಳಿತು. ಅಕ್ಕ ಮಗುವಿನಂತೆ, "ಇನ್ನೊಮ್ಮಿ ಮಾಡ, ಇನ್ನೊಮ್ಮಿ" ಎಂದು ಕೈಗವಸಿನ ಕೈಗಳಿಂದ ಚಪ್ಪಾಳೆ ತಟ್ಟಿದಳು. ಸದ್ದು ಬರಲಿಲ್ಲ. ಆ ಸದ್ದಿಲ್ಲದ ಚಪ್ಪಾಳೆಯನ್ನು ನೋಡಲಾರದೆ, ಲಿಂಬೆಯ ಸಿಪ್ಪೆಯನ್ನು ಎಸೆಯುವ ನೆಪದಲ್ಲಿ ಒಳಗೆ ಹೋದೆ.

ಎರಡನೆಯ ಸಲ ಬೆನ್ನು ನೋಡಿದಾಗ ಉಳಿದ ಕಡೆಗಳೆಲ್ಲ ಶಾಂತವಾಗಿದ್ದು, ಒಂದು ಜಾಗದಲ್ಲಿ ಮಾತ್ರ ಕೆಂಪಾಗಿ ಉಬ್ಬಿತ್ತು. ಈ ಕೆಂಪು ಲಿಂಬೆಗೆ ಹೋಗುವಂತಹುದಲ್ಲ. ವೈದ್ಯೆ ಹೆಸರು ಹೇಳಿದರು: ಮೀಥೈಲ್ ಐಸೋಥಯಾಜೊಲಿನೋನ್, ಒಂದು ಸಂರಕ್ಷಕ. ಗುಲಾಬಿ ಬಾಟಲಿಯ ಹಿಂಬದಿಯಲ್ಲಿ, ಬಣ್ಣದ ಹೆಸರಿಗಿಂತ ಸ್ವಲ್ಪ ಮೊದಲು, ಅದೇ ಪದವಿತ್ತು. ನಾನು ಅದನ್ನು ಸಮಾಸ ಬಿಡಿಸುವಂತೆ ತುಂಡು ತುಂಡಾಗಿ ಓದಿ ಕಂಠಪಾಠ ಮಾಡಿದೆ.

"ಏನ ಹೆಸರಪಾ ಅದು, ದೆವ್ವದ್ದು ಇದ್ದಂಗ!" ಎಂದಳು ಅಕ್ಕ. ಆದರೆ ಅವಳ ಧ್ವನಿಯಲ್ಲಿ ಬಿಡುಗಡೆ ಇತ್ತು. ಹೆಸರು ಸಿಕ್ಕ ದೆವ್ವವನ್ನು ಬಿಡಿಸಬಹುದು ಎಂಬ ನಂಬಿಕೆ ನಮ್ಮವರದು.

ಮದ್ದು ಸರಳವಾಗಿತ್ತು, ಪಥ್ಯ ಕಠಿಣವಾಗಿತ್ತು. ಆ ಪದಾರ್ಥವಿರುವ ಯಾವುದೂ ಕೈಗೆ ತಾಗಬಾರದು; ಬಿಸಿನೀರು ಬೇಡ; ತೊಳೆದ ಮೇಲೆ ನೊರೆ ಉಳಿಯದಂತೆ ನೀರು ಹಾಕಿ ಬೆರಳ ಸಂದಿಗಳನ್ನು ಒರೆಸಿ, ವಾಸನೆಯಿಲ್ಲದ ಮುಲಾಮು ಸವರಬೇಕು; ಸೀಳು ಮುಚ್ಚುವವರೆಗೆ ಹಿಟ್ಟು ಮುಟ್ಟಬಾರದು. ಭಂಡಾರದ ಮಾತು ಬಂದಾಗ ಅಕ್ಕ ಬಿಗಿಯಾದಳು. ವೈದ್ಯೆ ಕೈ ಮುಗಿದೇ ಹೇಳಿದರು: "ನಮ್ಮನಿ ದೇವರೂ ಬೀರೋಬನ, ಅಕ್ಕಾರ. ಭಂಡಾರ ಹಣಿಗಿ ಹಚ್ಚರಿ, ಸೀಳಿದ ಚರ್ಮಕ್ಕ ಬ್ಯಾಡ." ಅಕ್ಕ, "ಹಣೀನೂ ಅವಂದ, ಕೈಯೂ ಅವಂದ. ಹಣಿಗಿ ಹಚ್ಚಿದ್ರ ಕೈಗಿ ಮುಟ್ಟತೈತಿ ತಗೋ" ಎಂದು ಒಪ್ಪಿದಳು.

ಇನ್ನು ಬೇರೆ ದ್ರವವನ್ನು ಹುಡುಕುವ ಕೆಲಸ ನನ್ನದು. ಸೊಲ್ಲಾಪುರದ ಅಂಗಡಿಗಳಲ್ಲಿ ಭೂತಗನ್ನಡಿ ಹಿಡಿದು ಬಾಟಲಿಗಳ ಬೆನ್ನನ್ನು ಓದತೊಡಗಿದೆ. ಮುಖದ ಮೇಲೆ ‘ಸೌಮ್ಯ’, ‘ಶುದ್ಧ’, ‘ನೈಸರ್ಗಿಕ’ ಎಂಬ ವಿಶೇಷಣಗಳು, ಬೇವಿನ ಎಲೆಯ ಚಿತ್ರ. ಬೆನ್ನಿನ ಮೇಲೆ ಅದೇ ಐಸೋಥಯಾಜೊಲಿನೋನ್. ವಿಶೇಷಣಗಳನ್ನು ನಂಬಬೇಡಿ, ನಾಮಪದಗಳನ್ನು ನೋಡಿ ಎಂದು ಮಕ್ಕಳ ಪ್ರಬಂಧಗಳನ್ನು ತಿದ್ದುವಾಗ ಎಷ್ಟು ಸಲ ಹೇಳಿದ್ದೆನೋ! ‘ಕೆಮಿಕಲ್ ಇಲ್ಲ’ ಎಂದು ಬರೆದಿದ್ದ ಒಂದನ್ನು ವೈದ್ಯೆಗೆ ತೋರಿಸಿದಾಗ, "ನೀರೂ ಕೆಮಿಕಲ್ಲೇ ಸರ್, ಇದ್ರಾಗ ನೀರೂ ಇಲ್ಲೇನ?" ಎಂದು ಕೇಳಿದರು.

ಒಬ್ಬ ಅಂಗಡಿಕಾರ ನನ್ನನ್ನು ಬಹಳ ಹೊತ್ತು ನೋಡಿ, "ಸರ್, ಸಾಬಣ ತಗೋತೀರೋ, ಪೇಪರ ತಪಾಸ್ತೀರೋ?" ಎಂದ.

"ತಪಾಸಿ ಪಾಸಾದ್ರ ತಗೋತೀನಿ."

"ಹಂಗಾರ ಕುರ್ಚಿ ಹಾಕ್ತೀನಿ, ಕುಂತ ತಪಾಸ್ರಿ" ಎಂದು ನಿಜವಾಗಿಯೂ ಕುರ್ಚಿ ಹಾಕಿದ. ಅವನಿಗೂ ನಾನು ಋಣಿ. ಬಣ್ಣವೂ ಸುಗಂಧವೂ ಆ ಸಂರಕ್ಷಕವೂ ಇಲ್ಲದ, ಬೇರೊಂದು ಸಂರಕ್ಷಕವಿದ್ದ ಬಾಟಲಿ ಸಿಕ್ಕಿದ್ದು ಆ ಕುರ್ಚಿಯಲ್ಲಿಯೇ. ವೈದ್ಯೆ ಅದನ್ನೂ ಹಾಗೆಯೇ ಒಪ್ಪಲಿಲ್ಲ. ಅಕ್ಕನ ಮೊಳಕೈಯ ಒಳಬದಿಗೆ ದಿನವೂ ಸ್ವಲ್ಪ ಹಚ್ಚಿ ತೊಳೆದು, ಒಂದು ವಾರ ಕಾದು ನೋಡಿ ಎಂದರು. ಚರ್ಮ ಸುಮ್ಮನೆ ಇತ್ತು.

ನಾನು ಖಾನಾವಳಿಗೆ ಹೋಗಿ ಯಜಮಾನಿಗೆ ಎಲ್ಲವನ್ನೂ ಹೇಳಿದೆ. ನಿಯಮ ಮುರಿಯಲು ಬಂದೆನೆಂದು ಅವರು ತಿಳಿಯಬಾರದೆಂದು ಬಹಳ ಪೀಠಿಕೆ ಹಾಕಿದೆ. ಅವರು ಪೀಠಿಕೆಯನ್ನು ಅರ್ಧಕ್ಕೇ ನಿಲ್ಲಿಸಿದರು.

"ಅಹೋ ಸರ್, ನನಗ ಬೇಕಾಗಿದ್ದು ಸ್ವಚ್ಛ ಕೈ. ಬಾಟಲಿ ಯಾವುದಿದ್ರ ಏನ? ಅಕ್ಕಾರ ಕೈ ಹಸನಾಗಿ ಬರ್ಲಿ. ಈಗಿನ ರೊಟ್ಟಿ ತಿಂದು ಗಿರಾಕಿ, ಮೊದ್ಲಿನಾಕಿ ಎಲ್ಲಿ ಅಂತ ಕೇಳಾಕತ್ಯಾರ!"

ಈ ಕೊನೆಯ ವಾಕ್ಯವನ್ನು ನಾನು ಒಂದಕ್ಷರವೂ ಬಿಡದೆ ಅಕ್ಕನಿಗೆ ಒಯ್ದು ಮುಟ್ಟಿಸಿದೆ. ಅವಳು ಮುಲಾಮಿನ ಡಬ್ಬಿಯನ್ನು ತಾನೇ ಎಳೆದುಕೊಂಡು, ಬೆರಳುಗಳಿಗೆ ನಿಧಾನವಾಗಿ ಸವರತೊಡಗಿದಳು.

ಸೀಳುಗಳು ಮುಚ್ಚುತ್ತ ಬಂದವು. ಹೊಸ ಚರ್ಮ ಮೊದಲು ತೆಳ್ಳಗೆ, ಆಮೇಲೆ ತನ್ನ ಬಣ್ಣಕ್ಕೆ ಬಂತು. ಸಂಕ್ರಾಂತಿಯ ಹಿಂದಿನ ದಿನ ಭೋಗಿ. ನಮ್ಮಲ್ಲಿ ಅಂದು ಎಳ್ಳು ಒತ್ತಿದ ಸಜ್ಜೆಯ ರೊಟ್ಟಿ ಆಗಲೇಬೇಕು. ವೈದ್ಯೆ ಹೂಂ ಅಂದಿದ್ದರು. ನಾನೂ ನನ್ನ ಹೆಂಡತಿಯೂ ಅಕ್ಕಲಕೋಟಕ್ಕೆ ಹೋದಾಗ ಅಕ್ಕ ಒಲೆಯ ಮುಂದೆ ಕುಳಿತಾಗಿತ್ತು. ಹಣೆಯ ಮೇಲೆ ಭಂಡಾರ. ಪಕ್ಕದಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ಬಾಟಲಿ. ಕೈ ತೊಳೆದು, ಒರೆಸಿ, ಅಂಗೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, ಸೊಸೆ ಕಲಸಿಟ್ಟಿದ್ದ ಹಿಟ್ಟಿನ ಮೇಲೆ ಇಟ್ಟಳು. ನಾವೆಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದೆವು.

"ಉರೀತೈತೇನ ಅತ್ತಿ?" ಎಂದಳು ಸೊಸೆ.

"ಹಿಟ್ಟು ಆರಿ ಹೋಗೈತಿ, ಇನ್ನ ಉರಿಯೂದೇನ! ನಮ್ಮ ಮಾಸ್ತರನ ಕೂಡ ಕಲತೀಯೇನ ಕಲಸೂದು?"

ಆಮೇಲೆ ಪರಾತದ ಮೇಲೆ ಅಂಗೈ ಬೀಳುವ ಆ ಸದ್ದು, ಮೊದಲು ತಡೆತಡೆದು, ಆಮೇಲೆ ಒಂದೇ ಲಯದಲ್ಲಿ. ರೊಟ್ಟಿ ತಿರುಗುತ್ತ ಹಿಗ್ಗಿತು; ಎಳ್ಳನ್ನು ಚಿಮುಕಿಸಿ ಬೆರಳಿನ ತುದಿಯಿಂದ ಒತ್ತಿದಳು. ಮೊದಲನೆಯದನ್ನು ದೇವರಿಗೆ ಎತ್ತಿಟ್ಟು, ಎರಡನೆಯದನ್ನು ಬೆಣ್ಣೆಯೊಂದಿಗೆ ನನ್ನ ಕೈಗಿಟ್ಟಳು. ಅದರ ಒಂದು ಅಂಚಿನಲ್ಲಿ, ಎಳ್ಳಿನ ನಡುವೆ, ಅವಳ ಬೆರಳಿನ ಅಚ್ಚು ಇತ್ತು. ಆ ದಿನ ೨೦೨೪ನೆಯ ಇಸವಿಯ ಜನವರಿ ೧೪, ರವಿವಾರ.